ಶವಾಸನದ ಹೊತ್ತಿಗೆ ಬಂದದ್ದು

ಬಾಳೂರು
ಶನಿವಾರ

ಪೂರ್ಣೇಶ್ ಅವರಿಗೆ ನಮಸ್ಕಾರ.

ನಿಮ್ಮ ಫೋನ್ ಸಿಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮುಂದಿನ ವಾರದ ಯೋಗ ಶಿಕ್ಷಕರ ತರಬೇತಿಗೆ ಎಸ್ಟೇಟಿನ ಹುಲ್ಲುಹಾಸು ಬೇಡ, ಬಂಗಲೆಯ ಮಹಡಿಯ ಹಾಲ್ ಕೊಡಿ.

ಮೊನ್ನೆಯ ತರಬೇತಿಯಲ್ಲಿ ಎಲ್ಲರೂ ಶವಾಸನದಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಗ ಕಾಫಿ ಗಿಡಗಳ ನಡುವಿನಿಂದ ಆನೆಯೊಂದು ಹೊರಬಂತು. ಅದನ್ನು ಕಂಡವಳು ನಾನೊಬ್ಬಳೇ. ಕೂಗಿದ್ದರೆ ಎಲ್ಲರೂ ಎದ್ದು ಓಡುತ್ತಿದ್ದರು. "ಪಾದ ಸಡಿಲ ಬಿಡಿ, ಉಸಿರನ್ನು ಗಮನಿಸಿ" ಎಂದು ಹೇಳುತ್ತಲೇ ಹೋದೆ. ಅದು ಅಂಚಿನಲ್ಲಿ ಮಲಗಿದ್ದ ಹೊಸ ಶಿಕ್ಷಕಿ ಧನ್ಯಾಳ ತಲೆಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಹಲಸಿನ ಮರಗಳತ್ತ ಹೊರಟುಹೋಯಿತು.

ಅತಿಥಿಗಳೆದುರು ಆನೆಯ ಮಾತು ಬೇಡ ಎಂದು ನೀವು ಹೇಳಿದ್ದಿರಿ. ನಾನು ಹೇಳಲಿಲ್ಲ.

ಹೊರಡುವಾಗ ಧನ್ಯಾ, "ಮೇಡಂ, ಯಾರೋ ತಲೆ ಹತ್ರ ಕಾವಲು ನಿಂತ ಹಾಗಾಯ್ತು. ಭಾನುವಾರ ನಮ್ಮ ಕ್ಲಾಸಿನವ್ರನ್ನೂ ದೇವರಮನೆ ಗುಡ್ಡದಲ್ಲಿ ಹೀಗೇ ಮಲಗಿಸ್ತೀನಿ" ಎಂದಳು.

ಜೀಪು ಹೋದ ಮೇಲೆ ಮೇಸ್ತ್ರಿ ಮಂಜಯ್ಯ ಹೆಜ್ಜೆಗುರುತು ನೋಡಿ, "ಏನ್ ಮೇಡಂ, ಆನೆಗೂ ಯೋಗ ಹೇಳ್ಕೊಟ್ರಾ?" ಎಂದು ನಕ್ಕಿದ್ದರು. ಇವತ್ತು ಅವರು ನಗಲಿಲ್ಲ. ಆ ಆನೆ ದೇವರಮನೆ ಕಡೆ ಹೋಗಿದೆಯಂತೆ.

ಧನ್ಯಾಳ ನಂಬರ್ ನಿಮ್ಮ ಆಫೀಸಿನಲ್ಲಿದೆ. ಈ ಪತ್ರ ತರುವ ಮಂಜಯ್ಯನವರ ಕೈಯಲ್ಲೇ ಕೊಟ್ಟು ಕಳಿಸಿ. ನಾಳೆಯೇ ಭಾನುವಾರ, ಇವತ್ತು ಸಂಜೆಯೊಳಗೆ ನಾನು ಅವಳನ್ನು ತಡೆಯಬೇಕು. ಕಲಿಸುವಾಗ ಅವಳು ತಾನೂ ಕಣ್ಣು ಮುಚ್ಚಿಕೊಳ್ಳುತ್ತಾಳೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ನಾಗವೇಣಿ