ಹಾಕದ ಸ್ಲೈಡು

ಭಾನುವಾರ, ಮ್ಯಾಟಿನಿ ಹೊತ್ತು

ಪ್ರೀತಿಯ ಬಣ್ಣ,

ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್... ಕಾಲೇಜಿನ ಇಂಗ್ಲಿಷಿನಲ್ಲಿ ನನಗೆ ಉಳಿದಿರುವುದು ರಜಾ ಅರ್ಜಿಯ ಈ ಒಂದು ಸಾಲು. ಕನ್ನಡದಲ್ಲಿ ಹೇಳಲು ನಾಚಿಕೆಯಾಗುವುದನ್ನು ಇಂಗ್ಲಿಷಿನಲ್ಲಿ ಹೇಳೋಣವೆಂದರೆ ಅದೂ ಕೈಕೊಟ್ಟಿತು.

ನನ್ನವಳು ತೀರಿಹೋದದ್ದು ತಿಳಿದು ನೀನು ಬರೆದ ಕಾಗದ ತಲುಪಿತು. ಮೂವತ್ತೆಂಟು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದೆ. ಅವಳು ಸರಿಯಾದವನನ್ನೇ ಆರಿಸಿಕೊಂಡಳು ಎಂದಿದ್ದೀಯ. ಆ ಕಾಗದವನ್ನು ಸಕ್ಕರೆ ಡಬ್ಬಿಯ ಕೆಳಗಿಟ್ಟೆ. ನಾಲ್ಕು ದಿನ ಡಬ್ಬಿ ಎತ್ತಲು ಧೈರ್ಯವಾಗದೆ ಸಪ್ಪೆ ಕಾಫಿ ಕುಡಿದೆ.

ನಮ್ಮ ಟಾಕೀಸಿಗೆ ಆ ತಮಿಳು ಪಿಕ್ಚರ್ ಬಂದಿತ್ತಲ್ಲ, ಮೊನ್ನೆ ಟಿವಿಯಲ್ಲಿ ಹಾಕಿದ್ದರು. ಆಗ ನಾನು ಪ್ರೊಜೆಕ್ಟರ್ ಓಡಿಸುತ್ತಿದ್ದೆ, ನೀನು ಇಂಟರ್‌ವಲ್‌ನಲ್ಲಿ ತೋರಿಸುವ ಜಾಹೀರಾತಿನ ಗಾಜಿನ ಸ್ಲೈಡುಗಳನ್ನು ಬಣ್ಣದಲ್ಲಿ ಬರೆಯುತ್ತಿದ್ದೆ, ಅದಕ್ಕೇ ಎಲ್ಲರಿಗೂ ಬಣ್ಣ ಆಗಿದ್ದೆ. ನನಗೆ ತಮಿಳು ಬಾರದೆಂದು ಪಕ್ಕದಲ್ಲಿ ಕೂತು ಕಥೆ ಹೇಳಿದವನೂ ನೀನೇ. ಈ ಹೀರೋನ ಜಂಬ ಇವನನ್ನ ತಿಂತು ಕಣೋ, ಜೊತೆಗಿದ್ದೋನೇ ಕುತ್ತಿಗೆ ಕೊಯ್ದ ಅಂದೆ. ಥೂ, ಅವನೂ ಒಬ್ಬ ಸ್ನೇಹಿತನಾ ಅಂತ ನಾನು ಉಗಿದಿದ್ದೆ.

ಮರುದಿನವೇ ನೀನು ಆ ಸ್ಲೈಡು ತಂದೆ. 'ಏಳನೇ ಸಾಲಿನ ಹಳದಿ ಸೀರೆಯವರಿಗೆ: ಆಟ ಬಿಟ್ಟ ಮೇಲೆ ಸೈಕಲ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಒಪ್ಪಿಗೆಯಿದ್ದರೆ ಮಾತ್ರ ಬನ್ನಿ.' ಹಳದಿ ಸೀರೆ ಅಂದರೆ ಆ ಹೊಲಿಗೆ ಅಂಗಡಿಯವಳು. ಅವಳನ್ನು ಬಾಯಿಬಿಟ್ಟು ಕೇಳೋ ಮಾರಾಯ ಅಂತ ನಾನಂದರೆ, ಇಲ್ಲ ಅನ್ನಿಸಿಕೊಳ್ಳೋ ಜಾಯಮಾನ ನಂದಲ್ಲ ಅಂತ ನೀನು ಮೀಸೆ ತಿರುವಿ ಹೋದೆ. ಇಂಟರ್‌ವಲ್‌ಗೂ ನೀನು ಒಳಗೆ ಬರಲಿಲ್ಲ, ಸೈಕಲ್‌ಗಳ ನಡುವೆ ನಿಂತೇ ಇದ್ದೆ.

ನಾನು ಸೋಪು ತೋರಿಸಿದೆ, ಕೊಡೆ ತೋರಿಸಿದೆ, ಧೂಮಪಾನ ನಿಷೇಧಿಸಿದೆ ಅಂತಲೂ ತೋರಿಸಿದೆ. ನಿನ್ನದನ್ನು ತೋರಿಸಲಿಲ್ಲ. ಅವಳ ಮೇಲೆ ನನಗೂ ಮನಸ್ಸಿತ್ತು. ಅವಳು ಎಂದಿನಂತೆ ಹಿಂದಿನ ಗೇಟಿನಿಂದ ಹೋದಳು. ಹಾಕಿದ್ಯೇನೋ ಅಂತ ನೀನು ಕೇಳಿದೆ. ಹಾಕಿದೆ ಕಣೋ, ಓದಿ ತಲೆ ತಗ್ಗಿಸಿದಳು ಅಂತ ನಾನಂದೆ. ವಾರದೊಳಗೆ ನೀನು ಊರು ಬಿಟ್ಟೆ. ನಾನು ಆ ಸ್ಲೈಡನ್ನು ಒಡೆದು ಎಸೆದೆ.

ಬಣ್ಣದವರು ಯಾಕೆ ಹೋದ್ರು ಅಂತ ನಮ್ಮ ಮದುವೆಯ ಹೊಸತರಲ್ಲಿ ಒಮ್ಮೆ ಕೇಳಿದಳು. ದೊಡ್ಡ ಕೆಲಸ ಸಿಕ್ತು ಅಂದೆ. ಮತ್ತೆ ಕೇಳಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಮಾತ್ರ ಟಿವಿಯಲ್ಲಿ ಪಿಕ್ಚರ್ ನಡುವೆ ಜಾಹೀರಾತು ಬಂದರೆ, ನೀವೂ ಏನೇನೋ ಹಾಕ್ತಿದ್ರಿ ಅಲ್ವಾ, ಏನೇನೋ ಹಾಕ್ತಿರ್ಲಿಲ್ಲ ಅಂತ ನಗುತ್ತಿದ್ದಳು. ತಮಾಷೆ ಅಂದುಕೊಂಡು ನಾನೂ ನಕ್ಕಿದ್ದೇನೆ.

ಅವಳು ಯಾರನ್ನೂ ಆರಿಸಲಿಲ್ಲ, ಬಣ್ಣ. ಆರಿಸಲು ನಾನು ಬಿಡಲಿಲ್ಲ.

ಯುವರ್ಸ್ ಫೇತ್‌ಫುಲಿ ಎಂದು ಬರೆಯಲು ಮುಖವಿಲ್ಲ.

ನೀನೇ ಹೆಸರಿಟ್ಟ,
ಬಿಎ ಫೇಲ್

ಮರೆತ ಮಾತು: ಮರೆತದ್ದಲ್ಲ, ಅಡಗಿಸಿದ್ದು. ಸ್ಲೈಡು ಒಡೆದೆ ಎಂದದ್ದೂ ಸುಳ್ಳು. ಒಡೆಯಲು ಕೈ ಬಾರದೆ ಖಾಲಿ ರೀಲ್ ಡಬ್ಬಿಗೆ ಹಾಕಿ ಅಟ್ಟಕ್ಕೆ ಸೇರಿಸಿದ್ದೆ. ಅವಳು ಹೋದ ಮೇಲೆ ಹೊಲಿಗೆ ಯಂತ್ರದ ಡ್ರಾಯರ್ ಎಳೆದರೆ ಅದು ಅಲ್ಲಿತ್ತು. ಹಳದಿ ಸೀರೆಯ ತುಂಡಿನಲ್ಲಿ ಸುತ್ತಿ, ನಾಲ್ಕೂ ಕಡೆ ಹೊಲಿದಿದ್ದಳು. ನೂಲು ಮಾಸಿತ್ತು, ಹೊಲಿದು ಎಷ್ಟು ವರ್ಷವಾಗಿತ್ತೋ. ಈ ಕಾಗದದ ಜೊತೆ ಕಳಿಸಿದ್ದೇನೆ, ನಿನ್ನದು ನಿನಗಿರಲಿ. ನಾನು ಬಿಚ್ಚಿ ನೋಡಿದ ಕಡೆ ಮತ್ತೆ ಹೊಲಿಯಲು ಕೂತೆ. ಬರಲಿಲ್ಲ.