ಆರು ವಾಬಾಷ್ ಟ್ರಂಪೆಟ್‌ಗಳು

ಎಲ್ಕ್‌ಹಾರ್ಟ್, ಇಂಡಿಯಾನಾ
ಮಾರ್ಚ್ 9, 1958, ಭಾನುವಾರ

ಪ್ರೀತಿಯ ಓರ್ವಿಲ್,

ಹೀಗೆ ಕರೆಯುವ ಹಕ್ಕು ಉಳಿದಿದೆಯೋ ಇಲ್ಲವೋ, ಹದಿನಾರು ವರ್ಷದ ಅಭ್ಯಾಸ, ಕೈ ಕೇಳುವುದಿಲ್ಲ. ಅಣ್ಣನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ?

ನಮ್ಮ ವಾಬಾಷ್ ಟ್ರಂಪೆಟ್ ಮಾಡುವುದನ್ನು ಕಾರ್ಖಾನೆ ನಿಲ್ಲಿಸಿತು. ಶುಕ್ರವಾರ ಬಾಗಿಲಿಗೆ ಚೀಟಿ ಅಂಟಿಸಿದರು, ಉಳಿದ ವಾದ್ಯಗಳ ಕೆಲಸ ನಡೆಯುತ್ತದಂತೆ. ಶಾಲೆಯ ಮಕ್ಕಳ ಟ್ರಂಪೆಟ್ಟಿಗೂ ದೊಡ್ಡ ವೇದಿಕೆಯದಕ್ಕೂ ನಡುವೆ ಹುಟ್ಟಿದ ಮಗು ಅದು. ಶನಿವಾರ ಕುಣಿತಕ್ಕೆ, ಭಾನುವಾರ ಚರ್ಚಿಗೆ ಊದುವ ಬಡಗಿಗಳಿಗಾಗಿ ಮೂವತ್ತಾರರಲ್ಲಿ ಶುರುವಾಯಿತು. "ಊದೋಕೆ ಸಾಕು, ಜಂಬಕ್ಕೆ ಸಾಲದು" ಅಂತ ನೀನೇ ನಗುತ್ತಿದ್ದೆ. ಯುದ್ಧದಲ್ಲಿ ಅದನ್ನು ಬಿಟ್ಟು ವಿಮಾನದ ಸಾಮಾನು ಮಾಡಿದೆವು. ಯುದ್ಧ ಮುಗಿದಾಗ ಮೊದಲ ವಾಬಾಷ್ ಊದಿ ನೋಡಿದವನೂ ನೀನೇ. ಈಗ ಜನ ಅಗ್ಗದ್ದನ್ನೋ ದುಬಾರಿಯದ್ದನ್ನೋ ಕೊಳ್ಳುತ್ತಾರಂತೆ.

ಸುತ್ತಿ ಬಳಸುತ್ತಿದ್ದೇನೆ. ಬೆರಳಲ್ಲಿ ಒತ್ತುವ ವಾಲ್ವ್ ಸಿಕ್ಕಿಕೊಳ್ಳುತ್ತದೆಂದು ಅಂಗಡಿಯಿಂದ ವಾಪಸು ಬಂದ ಆ ಆರು ವಾದ್ಯಗಳ ತಪ್ಪು ನನ್ನದು. ವಾಲ್ವಿನೊಳಗಿನ ಪಿಸ್ಟನ್ ಉಜ್ಜುವಾಗ ನನ್ನ ತಟ್ಟೆ ಬಿತ್ತು. ಹದಿನೆಂಟು ಪಿಸ್ಟನ್, ಒಂದಕ್ಕೂ ನಂಬರ್ ಹೊಡೆದಿರಲಿಲ್ಲ. ಒಂದರ ಕೊಳವೆಗೆ ಉಜ್ಜಿ ಕೂರಿಸಿದ್ದು ಇನ್ನೊಂದಕ್ಕೆ ಒಗ್ಗದು ಎಂದು ನಿನಗೆ ಹೇಳಬೇಕೆ? ಆ ಮೇಜಿಗೆ ನಾನೊಬ್ಬಳೇ ಹೆಂಗಸು. ಮೇಸ್ತ್ರಿ ಗ್ರೇಬಿಲ್ "ಹೆಂಗಸ್ರ ಕೈಗೆ ಇದು ಬರಲ್ಲ, ಹೇಳಿರ್ಲಿಲ್ವಾ" ಅನ್ನುತ್ತಾನೆಂದು ಹೆದರಿ, ಅಂದಾಜಿನ ಮೇಲೆ ಜೋಡಿಸಿ ನಂಬರ್ ಹೊಡೆದುಬಿಟ್ಟೆ.

ಊದಿ ನೋಡಿ, ವಾಲ್ವ್ ಬಿಗಿಯಿದ್ದರೆ ಅದರ ತಳದ ಮುಚ್ಚಳದೊಳಗೆ ಅಡ್ಡಗೀಟು ಗೀಚಿ ನಮ್ಮ ಮೇಜಿಗೆ ಹಿಂದಿರುಗಿಸುವುದು ನಿನ್ನ ಕೆಲಸ. ಆ ಆರೂ ನಮ್ಮ ಮೇಜಿಗೆ ಬಾರದೆ ನೇರ ಅಂಗಡಿಗೆ ಹೋದವು. ನಿನಗೆ ತಿಳಿಯಲೇ ಇಲ್ಲ ಎಂದುಕೊಂಡೆ. ಕೊನೆಗೆ ಕೆಲಸ ಹೋದದ್ದು ನಿನ್ನದು. ನಾನು ಸುಮ್ಮನಿದ್ದಿದ್ದರೂ ಆಗುತ್ತಿತ್ತು, ಕಾರ್ಖಾನೆಯಲ್ಲಿ ಎಲ್ಲರೆದುರು "ಬೆರಳು ಸತ್ತಿದ್ವಾ ನಿಂಗೆ? ಇಷ್ಟೂ ಗೊತ್ತಾಗ್ಲಿಲ್ವಾ?" ಎಂದು ಕೂಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ನೀನು ನನ್ನನ್ನೇ ನೋಡಿದೆ. ಮಾರನೆಯ ದಿನ ನೀನು ಪೆಟ್ಟಿಗೆ ಕಟ್ಟಿಕೊಂಡು ಅಣ್ಣನ ಮನೆಗೆ ಹೋದೆ. ಕೆಲಸ ಹೋದ ನಾಚಿಕೆಯಿಂದ ಹೋದೆ ಎಂದೇ ನಂಬಿದ್ದೇನೆ.

ಗ್ರೇಬಿಲ್‌ಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ನಿನಗೊಬ್ಬನಿಗೆ ಹೇಳಿದರೆ ಸಾಲದೇ?

ಬೇಡವೆನ್ನದಿದ್ದರೆ, ಇನ್ನೂ ನಿನ್ನವಳೇ,
ಲೊರೀನ್

ಲಕೋಟೆ ಅಂಟಿಸುವ ಮುನ್ನ: ಆ ಆರರಲ್ಲಿ ಒಂದನ್ನು, ಗುಜರಿಗೆ ಹಾಕುವವರಿದ್ದರು, ಕೇಳಿ ಮನೆಗೆ ತಂದಿದ್ದೆ. ಈಗ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ ನೋಡಿದೆ. ಮೂರು ಮುಚ್ಚಳಗಳೊಳಗೂ ನಿನ್ನ ಅಡ್ಡಗೀಟಿದೆ. ಮರಳು ಕಾಗದದಿಂದ ಉಜ್ಜಿ ಅಳಿಸಲು ನೋಡಿದ್ದೀಯ. ನಾನು ಕೂಗುವಾಗಲೂ ತಪ್ಪು ನನ್ನದೆಂದು ನಿನಗೆ ಗೊತ್ತಿತ್ತು, ಓರ್ವಿಲ್. ನಾಳೆ ಈ ಮುಚ್ಚಳಗಳನ್ನು ಗ್ರೇಬಿಲ್ ಕೈಗಿಟ್ಟು, ಅಂದು ಕೂಗಿದ ಜಾಗದಲ್ಲೇ ನಿಂತು, ಎಲ್ಲರೆದುರು ಹೇಳುತ್ತೇನೆ.