ಅತ್ತೆ ಒರೆಸಿದ ಬೈಕು

ಮಾರ್ಚ್ ೧೪, ಶುಕ್ರವಾರ

ನಕ್ಕು ನಕ್ಕು ಪಕ್ಕೆ ಇನ್ನೂ ನೋಯುತ್ತಿದೆ. ಪರದೇಶದಲ್ಲಿ ಬಾಡಿಗೆಗೆ ತಂದ ಬೈಕನ್ನು ತೊಳೆದು ವಾಪಸ್ ಕೊಡುವವರು ಯಾರಾದರೂ ಇದ್ದಾರೆಯೇ? ನಮ್ಮತ್ತೆ ಇದ್ದಾರೆ. "ಇಸ್ಕೊಂಡ ಪಾತ್ರೆನ ತೊಳೀದೆ ಕೊಡ್ತೀವಾ?" ಎಂದು ಹೋಟೆಲಿನ ಟವೆಲಿನಲ್ಲೇ ತಿಕ್ಕಿದರು. ಧೂಳು ಹೋದದ್ದೇ ತಡ, ಟ್ಯಾಂಕಿನ ಮೇಲೊಂದು ಉದ್ದನೆಯ ಗೀರು ಎದ್ದು ಕಂಡಿತು.

ಅಂಗಡಿಯವನು ನೇರ ಅಲ್ಲಿಗೇ ಬೆರಳಿಟ್ಟ. ಗೀರು ನಮ್ಮದೇ ಅಂತೆ, ದುಡ್ಡು ಬಿಚ್ಚುವವರೆಗೆ ಬೈಕಿಗೆ ಒತ್ತೆಯಿಟ್ಟ ಪಾಸ್‌ಪೋರ್ಟ್ ಕೊಡುವುದಿಲ್ಲವಂತೆ. ನಾಳೆ ಬೆಳಿಗ್ಗೆಯೇ ನಮ್ಮ ವಿಮಾನ! ನಮ್ಮ ಯಜಮಾನರು ಹರುಕುಮುರುಕು ಇಂಗ್ಲಿಷಿನಲ್ಲಿ ವಾದಿಸಿ ಬೆವೆತರು. ಅತ್ತೆ ಮಾತ್ರ ಅದೇ ಟವೆಲು ಹಿಡಿದು ಅವನ ಸಾಲಿನಲ್ಲಿದ್ದ ಪಕ್ಕದ ಬೈಕು ಒರೆಸಿದರು. ಅದೇ ಜಾಗದಲ್ಲಿ ಅದೇ ಗೀರು! ಅದರಾಚೆಯ ಬೈಕಿಗೂ! ಆಮೇಲೆ ಅಂಗಡಿಯ ಗೇಟಿನಿಂದ, ಹೋಗಿಬರುವ ಬೈಕುಗಳ ಟ್ಯಾಂಕಿಗೆ ತಗಲುವ ಎತ್ತರಕ್ಕೇ ಚಾಚಿಕೊಂಡಿದ್ದ ಚಿಲಕವನ್ನು ಹಿಡಿದು, ಅಚ್ಚ ಕನ್ನಡದಲ್ಲೇ ಕೇಳಿದರು: "ಇದನ್ನೂ ನಾವೇ ಇಟ್ವೇನಪ್ಪಾ?"

ಅವನಿಗೆ ಒಂದಕ್ಷರ ತಿಳಿಯದಿದ್ದರೂ ಎಲ್ಲವೂ ಅರ್ಥವಾಯಿತು. ಮೊದಲು ಅವನ ಹೆಂಡತಿ ನಕ್ಕಳು, ಆಮೇಲೆ ಅವನೂ. ಪಾಸ್‌ಪೋರ್ಟ್ ಕೈಗೆ ಬಂತು. "ಉಳಿದವನ್ನೂ ಒರೆಸಿ ಬರ್ಲಾ?" ಎಂದ ಅತ್ತೆಯನ್ನು ಎಳೆದುಕೊಂಡು ಬರಬೇಕಾಯಿತು.

ಕಣ್ಣು ಎಳೆಯುತ್ತಿದೆ. ಬಚ್ಚಲಿನಿಂದ ಇನ್ನೂ ಒಗೆಯುವ ಸದ್ದು. ಟವೆಲೂ ಇಸ್ಕೊಂಡದ್ದೇ ತಾನೇ…